ಹಳೇ ಜೀಪು ಪಿಕಪ್‌ಗೆ ಗಟ್ಟಿ ಹಿಂದಿನ ಆಕ್ಸಲ್: ಯಾವುದು ಹಾಕಿಸಲಿ?

ಕೋಣಂದೂರು ಜೀಪು:
ಎಲ್ಲರಿಗೂ ನಮಸ್ಕಾರ. ನಮ್ಮದು 1989ರ ಡೀಸೆಲ್ ಜೀಪು, ಫೋರ್ ವೀಲ್. ಹಿಂದೆ ತೆರೆದ ಟ್ರೇ ಕೂರಿಸಿ ಪಿಕಪ್ ಮಾಡಿದ್ದು ಅಪ್ಪನ ಕಾಲದಲ್ಲೇ, ಅದು ಆರ್‌ಸಿಯಲ್ಲೂ ಇದೆ. ತೋಟಕ್ಕೆ ಗೊಬ್ಬರ, ಬೆಟ್ಟದಿಂದ ದರಕು (ಒಣ ಎಲೆ), ಅಡಿಕೆ ಕೊಯ್ಲಿನ ಸಮಯದಲ್ಲಿ ಗೊನೆ, ಎಲ್ಲಾ ಇದರಲ್ಲೇ. ಎರಡು ವರ್ಷದಲ್ಲಿ ಮೂರು ಸಲ ಹಿಂದಿನ ಆಕ್ಸಲ್ ಶಾಫ್ಟ್, ಅಂದರೆ ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಸರಳು, ಮುರಿಯಿತು.

ಮೂರನೇ ಸಲ ಹೆದರಿಕೆ ಆಯಿತು. ಕೊಟ್ಟಿಗೆ ಕಟ್ಟಿಸಲು ಜಂಬಿಟ್ಟಿಗೆ ಕಲ್ಲು ತರುತ್ತಿದ್ದೆ. ಮನೆ ಏರಿನ ಅರ್ಧದಲ್ಲಿ ಟಕ್ ಅಂತ ಸದ್ದು, ಎಳೆತ ನಿಂತೇ ಹೋಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಗಾಡಿ ಹಿಂದಕ್ಕೆ ಜಾರುತ್ತಲೇ ಇತ್ತು. ಕಾಲಿನ ಬ್ರೇಕ್ ಅರ್ಧಂಬರ್ಧ ಹಿಡಿಯಿತು. ಕೊನೆಗೆ ದಾರಿ ಪಕ್ಕದ ಮಣ್ಣಿನ ಧರೆಗೆ ಒರಗಿ ನಿಂತಿತು. ಇಳಿದು ನೋಡಿದರೆ ಬಲಗಡೆ ಚಕ್ರ ಡ್ರಮ್ ಸಮೇತ ನಾಲ್ಕು ಬೆರಳು ಹೊರಗೆ ಬಂದಿತ್ತು. ಪಕ್ಕದಲ್ಲಿ ನನ್ನ ಮಗ ಕೂತಿದ್ದ.

ಈಗ ಶಾಫ್ಟ್ ಮಾತ್ರ ಬದಲಿಸುವುದು ಬೇಡ, ಇಡೀ ಆಕ್ಸಲ್ ಬದಲಿಸಿ ಬಿಡೋಣ ಅಂತ ಇದ್ದೇನೆ. ಎರಡು ಸಿಕ್ಕಿವೆ. ಒಂದು, ಶಿವಮೊಗ್ಗದ ಗುಜರಿಯಲ್ಲಿ ಹಗುರ ಲಾರಿಯೊಂದರ ಆಕ್ಸಲ್, ನೋಡಲು ಆನೆ ಕಾಲಿನ ಹಾಗಿದೆ. ಇನ್ನೊಂದು, ನಮ್ಮ ಜೀಪಿನ ವಂಶದ್ದೇ ಆದ ಸ್ವಲ್ಪ ನಂತರದ ಗಾಡಿಯದ್ದು, ರಿಪ್ಪನ್‌ಪೇಟೆ ಹತ್ತಿರ ಒಬ್ಬರ ಶೆಡ್ಡಿನಲ್ಲಿದೆ. ಯಾವುದು ತರಲಿ?

ಘಾಟಿ ಲೋಡು:
ಲಾರಿಯದ್ದೇ ಹಾಕಿ ಮಾರಾಯ್ರೆ. ಎರಡನೇ ಯೋಚನೆ ಬೇಡ. ಟನ್‌ಗಟ್ಟಲೆ ಹೊತ್ತ ಆಕ್ಸಲ್‌ಗೆ ನಿಮ್ಮ ಗೊಬ್ಬರ ಒಂದು ಭಾರವೇ ಅಲ್ಲ. ನಾನು ಹುಲಿಕಲ್ ಘಾಟಿಯಲ್ಲಿ ಹದಿನೆಂಟು ವರ್ಷ ಲಾರಿ ಓಡಿಸಿದ್ದೇನೆ, ಶಾಫ್ಟ್ ಮುರಿದದ್ದು ಒಂದೇ ಸಲ. ಅದೂ ಚಕ್ರ ಹೊರಗೆ ಬರಲಿಲ್ಲ.

ಲೇತ್ ಮನೆ ಶಿವಮೊಗ್ಗ:
ಸ್ವಲ್ಪ ತಡೆಯಿರಿ. ಯಾವ ಆಕ್ಸಲ್ ಅಂತ ಹೇಳುವ ಮೊದಲು ಮುರಿದ ಶಾಫ್ಟ್ ನೋಡಬೇಕು. ಅದನ್ನು ಗುಜರಿಗೆ ಹಾಕಿಲ್ಲ ಅಲ್ವಾ? ಮುರಿದ ಮುಖವನ್ನು ಡೀಸೆಲ್‌ನಲ್ಲಿ ತೊಳೆಯಿರಿ. ವೈರ್ ಬ್ರಷ್ ಹಾಕಬೇಡಿ, ಗುರುತು ಅಳಿಸಿ ಹೋಗುತ್ತದೆ. ಬಿಸಿಲಿಗೆ ಹಿಡಿದು ನೋಡಿ ಮೂರು ವಿಷಯ ಹೇಳಿ. ಮುರಿದ ಜಾಗ ಯಾವುದು, ಚಕ್ರದ ಹಬ್ ಹಿಡಿಯುವ ಕೀ (ಲೋಹದ ಸಣ್ಣ ತುಂಡು) ಕೂರುವ ಕಚ್ಚಿನ ಹತ್ತಿರವೋ, ಒಳತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲು) ಹತ್ತಿರವೋ? ಮುರಿದ ಮುಖ ಪೂರ್ತಿ ಒಂದೇ ಬಣ್ಣವೋ, ಅರ್ಧ ಕಪ್ಪು ಅರ್ಧ ಹೊಳಪೋ? ಸ್ಪ್ಲೈನ್ ಹಲ್ಲುಗಳು ನೇರ ಇವೆಯೋ, ಹಗ್ಗದ ಹಾಗೆ ಹೊಸೆದುಕೊಂಡಿವೆಯೋ? ಹಳೆಯ ಎರಡು ಶಾಫ್ಟ್ ಇದ್ದರೆ ಅವನ್ನೂ ನೋಡಿ.

ಕೋಣಂದೂರು ಜೀಪು:
ನೋಡಿದೆ ಮೇಸ್ತ್ರಿ. ಮೊದಲನೆಯದು ಸಿಗಲಿಲ್ಲ.

ಎರಡನೆಯದು ಇಲ್ಲೇ ಒಂದು ಕಡೆ ಲೇತ್‌ನಲ್ಲಿ ಮಾಡಿಸಿದ್ದು. ಅದರ ಸ್ಪ್ಲೈನ್ ನೀವು ಹೇಳಿದ ಹಾಗೇ ಹೊಸೆದಿದೆ, ಹಲ್ಲುಗಳು ಓರೆ ಆಗಿವೆ. ಮುರಿದದ್ದು ಅಲ್ಲೇ.

ಮೂರನೆಯದು ಹೊರಗಡೆ ಮುರಿದಿದೆ, ಕೀ ಕಚ್ಚು ಮುಗಿಯುವ ಮೂಲೆಯಿಂದ ಶುರುವಾದ ಹಾಗೆ ಕಾಣುತ್ತದೆ. ಮುಕ್ಕಾಲು ಭಾಗ ಕಪ್ಪಗೆ ನುಣ್ಣಗಿದೆ, ಅದರಲ್ಲಿ ನೀರಿನ ಅಲೆಯಂಥ ಗೆರೆಗಳಿವೆ. ಉಳಿದ ಕಾಲು ಭಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತದೆ. ಹಬ್ ಒಳಗಿನ ಟೇಪರ್‌ನಲ್ಲಿ, ಅಂದರೆ ಶಾಫ್ಟ್ ತುದಿ ಕೂರುವ ಮೊನಚು ತೂತಿನಲ್ಲಿ, ಕೆಂಪು ಪುಡಿ ಇತ್ತು.

ಲೇತ್ ಮನೆ ಶಿವಮೊಗ್ಗ:
ಹಾಗಾದರೆ ಇವೆರಡೂ ಬೇರೆ ಬೇರೆ ಕಾಯಿಲೆ. ಒಂದೇ ಮದ್ದು ಸಾಲುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೂರನೆಯದು ಆ ದಿನ ಮುರಿದದ್ದಲ್ಲ. ಎಷ್ಟೋ ತಿಂಗಳಿಂದ ಮುರಿಯುತ್ತಾ ಇತ್ತು. ಕಪ್ಪಗಿರುವ ಮುಕ್ಕಾಲು ಭಾಗ ಹಳೇ ಬಿರುಕು. ಆ ಅಲೆ ಗೆರೆ ಒಂದೊಂದೂ ಬಿರುಕು ನಿಂತು ಮುಂದೆ ಹೋದ ಗುರುತು. ಹೊಳೆಯುವ ಕಾಲು ಭಾಗ ಮಾತ್ರ ನಿಮ್ಮ ಏರಿನಲ್ಲಿ ಮುರಿದದ್ದು. ಅಂದರೆ ಕೊನೆಕೊನೆಗೆ ಕಾಲು ಭಾಗ ಕಬ್ಬಿಣದ ಮೇಲೆ ಕಲ್ಲು ಹೊತ್ತಿದ್ದೀರಿ. ಬಿರುಕು ಯಾಕೆ ಬಂತು? ಆ ಕೆಂಪು ಪುಡಿಯೇ ಉತ್ತರ. ಹಬ್ ಟೇಪರ್ ಮೇಲೆ ಬಿಗಿಯಾಗಿ ಕೂತಿರಲಿಲ್ಲ. ಸಣ್ಣಗೆ ಅಲ್ಲಾಡುತ್ತಾ ಲೋಹವನ್ನು ತೇಯುತ್ತಿತ್ತು. ಅದೇ ಪುಡಿ.

ಈ ಥರದ ಶಾಫ್ಟಿನಲ್ಲಿ ಎಳೆತ ಹೋಗಬೇಕಾದ್ದು ಟೇಪರ್ ಹಿಡಿತದ ಮೂಲಕ. ಕೀ ಬರೀ ಜೊತೆಗೆ ಇರುವುದು. ಹಬ್ ನಟ್ ಸಡಿಲವಾದರೆ ಪೂರ್ತಿ ಹೊಡೆತ ಕೀ ಮೇಲೆ ಬೀಳುತ್ತದೆ, ಕೀ ಅದನ್ನು ಕಚ್ಚಿನ ಮೂಲೆಗೆ ದಾಟಿಸುತ್ತದೆ. ಚೂಪು ಮೂಲೆ ಅಂದರೆ ಬಿರುಕಿಗೆ ಬಾಗಿಲು ತೆಗೆದ ಹಾಗೆ.

ಬಿಗಿ ಮಾಡುವಾಗ ನಮ್ಮವರು ಮಾಡುವ ತಪ್ಪು ಒಂದಿದೆ. ನಟ್ ತಿರುಗದಂತೆ ಅಡ್ಡ ಹಾಕುವ ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಒಂಚೂರು ಹಿಂದಕ್ಕೆ ತಿರುಗಿಸಿ ಪಿನ್ ಹಾಕಿಬಿಡುತ್ತಾರೆ. ಅಷ್ಟರಲ್ಲೇ ಟೇಪರ್ ಹಿಡಿತ ಹೋಯಿತು. ತೂತು ಕೂಡದಿದ್ದರೆ ಮುಂದಕ್ಕೇ ಬಿಗಿ ಮಾಡಬೇಕು. ಟೇಪರ್‌ಗೆ ಗ್ರೀಸ್ ಹಚ್ಚಬಾರದು, ಒರೆಸಿ ಒಣಗಿಸಿ ಕೂರಿಸಬೇಕು. ಟಾರ್ಕ್ ರೆಂಚ್ ಬೇಕೇ ಬೇಕು. ಪೈಪ್ ಹಾಕಿ ಜಗ್ಗಿದರೆ ಎಷ್ಟು ಬಿಗಿ ಆಯಿತು ಅಂತ ಗೊತ್ತಾಗುವುದಿಲ್ಲ.

ಎರಡನೆಯದರ ಕಥೆ ಬೇರೆ. ಸ್ಪ್ಲೈನ್ ಹೊಸೆದಿದೆ ಅಂದರೆ ಉಕ್ಕು ಮೆದು. ಬಹುಶಃ ಇಎನ್ 8 ಅನ್ನುವ ಸಾಧಾರಣ ದರ್ಜೆಯ ಉಕ್ಕಿನ ಸರಳನ್ನು ತಿರುಗಿಸಿ, ಹಲ್ಲು ಕೊರೆದು, ಹದ ಕೊಡದೆ ಕೊಟ್ಟಿದ್ದಾರೆ. ಆಕ್ಸಲ್‌ಗೆ ಇಎನ್ 19 ಅಥವಾ ಇಎನ್ 24 ಬೇಕು. ಮೊದಲನೆಯದರಲ್ಲಿ ಕ್ರೋಮಿಯಂ, ಮಾಲಿಬ್ಡಿನಮ್ ಇರುತ್ತದೆ, ಎರಡನೆಯದರಲ್ಲಿ ಅದರ ಜೊತೆ ನಿಕ್ಕಲ್ ಕೂಡ. ಉಕ್ಕು ಒಳ್ಳೆಯದಾದರೆ ಸಾಲದು. ಕಾಯಿಸಿ ಎಣ್ಣೆಯಲ್ಲಿ ಅದ್ದಿ ಮತ್ತೆ ಹದಕ್ಕೆ ತರಬೇಕು. ಹೊರಮೈ ಗಟ್ಟಿ, ಒಳಗೆ ಬಗ್ಗುವ ಗುಣ, ಎರಡೂ ಬೇಕು. ಹದ ಕೊಡದ ಇಎನ್ 24ಕ್ಕೆ ದುಡ್ಡು ಕೊಟ್ಟರೆ ಅರ್ಧ ವ್ಯರ್ಥ.

ಭದ್ರಾವತಿ ಕಾರ್ಖಾನೆ ಪಕ್ಕದಲ್ಲಿ ಬೆಳೆದವನು ನಾನು. ವಿಐಎಸ್‌ಎಲ್ ಮಿಶ್ರಲೋಹ ಉಕ್ಕು ಮಾಡುತ್ತಿದ್ದ ಊರಲ್ಲೇ ಮೆದು ಸರಳಿನ ಆಕ್ಸಲ್ ಮಾರುತ್ತಾರಲ್ಲ ಅಂತ ಪ್ರತಿ ಸಲ ಸಂಕಟ ಆಗುತ್ತದೆ.

ಹುಲಿಕಲ್ ಮಳೆ:
ಮೇಸ್ತ್ರಿ ಹೇಳಿದ್ದು ಪೂರ್ತಿ ಸರಿ. ನಾನು ಹ್ಯಾಂಡ್ ಬ್ರೇಕ್ ವಿಷಯ ಹೇಳಬೇಕು, ಯಾಕೆಂದರೆ ಜೀಪು ಇಟ್ಟುಕೊಂಡ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಹಳೇ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರ ಹಿಡಿಯುವುದಿಲ್ಲ. ಎಳೆತವನ್ನು ಹಿಂದೆ ಮುಂದೆ ಕಳಿಸುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಸಣ್ಣ ಡ್ರಮ್ ಇದೆ, ಅದು ಅಲ್ಲಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹಿಡಿಯುತ್ತದೆ. ಒಂದು ಆಕ್ಸಲ್ ಶಾಫ್ಟ್ ಮುರಿಯಿತು ಅಂದುಕೊಳ್ಳಿ. ಪ್ರೊಪೆಲ್ಲರ್ ನಿಂತಿದ್ದರೂ, ಎರಡು ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್ ಒಳಗೆ ಮುರಿದ ಕಡೆ ಸುಮ್ನೆ ಸುತ್ತುತ್ತದೆ, ಸರಿ ಇರುವ ಚಕ್ರವೂ ಹಿಂದಕ್ಕೆ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೇ.

ಕಾಲಿನ ಬ್ರೇಕ್ ಅರ್ಧ ಹಿಡಿದದ್ದಕ್ಕೂ ಕಾರಣ ಅದೇ. ಡ್ರಮ್ ಹೊರಗೆ ಸರಿದಿದೆ, ಶೂ ಅಗತ್ಯಕ್ಕಿಂತ ಹೊರಗೆ ಬಂದಿದೆ. ಇನ್ನೆರಡು ಬೆರಳು ಸರಿದಿದ್ದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಿದ್ದು ಬ್ರೇಕ್ ಆಯಿಲ್ ಎಲ್ಲಾ ಚೆಲ್ಲುತ್ತಿತ್ತು. ಹಳೇ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್ ಇದ್ದರೆ ನಾಲ್ಕೂ ಬ್ರೇಕ್ ಹೋದ ಹಾಗೆ. ದೇವರು ದೊಡ್ಡವನು, ಮಗ ಚೆನ್ನಾಗಿದ್ದಾನಲ್ಲ.

ಲೋಡು ಇಟ್ಟು ಕಚ್ಚಾ ಏರು ಹತ್ತುವಾಗ ಫೋರ್ ವೀಲ್ ಹಾಕಿಕೊಳ್ಳಿ. ಆಗ ಎಳೆತ ಹಂಚಿ ಹೋಗುತ್ತದೆ. ಹಿಂದೆ ಶಾಫ್ಟ್ ಮುರಿದರೂ ಹ್ಯಾಂಡ್ ಬ್ರೇಕ್ ಮುಂದಿನ ಚಕ್ರದ ಮೂಲಕ ಹಿಡಿಯುತ್ತದೆ. ಟಾರ್ ರೋಡಿನಲ್ಲಿ ಮಾತ್ರ ಬೇಡ.

ಘಾಟಿ ಲೋಡು:
ಇದೇ ಕಾರಣಕ್ಕೆ ಲಾರಿ ಆಕ್ಸಲ್ ಅಂದದ್ದು. ಲಾರಿಯದ್ದು ಫುಲ್ ಫ್ಲೋಟಿಂಗ್. ಹಬ್ ನಡುವೆ ಸುತ್ತಲೂ ಬೋಲ್ಟ್ ಹಾಕಿದ ಚಪ್ಪಟೆ ತಲೆ ಕಾಣುತ್ತದಲ್ಲ, ಅದು ಶಾಫ್ಟಿನ ತಲೆ. ಆ ಬೋಲ್ಟ್ ಬಿಚ್ಚಿ ಶಾಫ್ಟನ್ನು ಪೂರ್ತಿ ಹೊರಗೆ ಎಳೆಯಬಹುದು. ಜ್ಯಾಕ್ ಕೂಡ ಬೇಡ, ಚಕ್ರ ನೆಲದ ಮೇಲೇ ಇರುತ್ತದೆ. ಭಾರ ಹೊರುವುದು ಹೌಸಿಂಗ್ ಮೇಲಿನ ಎರಡು ಬೇರಿಂಗ್. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಓಡಿ ಹೋಗುವುದಿಲ್ಲ.

ಜೀಪಿನದ್ದು ಸೆಮಿ ಫ್ಲೋಟಿಂಗ್. ತಿರುಗಿಸುವುದೂ ಅದೇ, ಭಾರ ಹೊರುವುದೂ ಅದೇ. ಹೊಂಡಕ್ಕೆ ಬಿದ್ದಾಗ ಬಗ್ಗುವುದೂ ಅದೇ.

ಲೇತ್ ಮನೆ ಶಿವಮೊಗ್ಗ:
ಘಾಟಿ ಅಣ್ಣ ಹೇಳಿದ ತತ್ವದಲ್ಲಿ ಒಂದು ಅಕ್ಷರ ತಪ್ಪಿಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಹಿಂದೆ ಫುಲ್ ಫ್ಲೋಟಿಂಗ್ ಆಕ್ಸಲ್ಲೇ ಇತ್ತು. ಯುದ್ಧ ಮುಗಿದ ಮೇಲೆ ಸಿವಿಲ್ ಜೀಪಿಗೆ ಬಂದದ್ದು ಟೇಪರ್ ಶಾಫ್ಟಿನ ಸೆಮಿ ಫ್ಲೋಟಿಂಗ್.

ಆದರೆ ಆ ಗುಜರಿ ಆಕ್ಸಲ್ ಈ ಗಾಡಿಗೆ ಕೂರುತ್ತದೆಯೇ? ನನಗೆ ಅನುಮಾನ. ತರುವ ಮೊದಲು ನೋಡಬೇಕಾದ್ದು ರೇಷಿಯೋ, ಅಂದರೆ ಚಕ್ರಗಳು ಒಂದು ಸುತ್ತು ಬರಲು ಪ್ರೊಪೆಲ್ಲರ್ ಎಷ್ಟು ಸುತ್ತಬೇಕು ಅನ್ನುವುದು. ಫೋರ್ ವೀಲ್ ಗಾಡಿಯಲ್ಲಿ ಹಿಂದೆ ಮುಂದೆ ರೇಷಿಯೋ ಒಂದೇ ಇರಬೇಕು, ಬೇರೆ ದಾರಿ ಇಲ್ಲ.

ಎಣಿಸುವುದು ಸುಲಭ. ಗೇರ್ ನ್ಯೂಟ್ರಲ್, ಫೋರ್ ವೀಲ್ ಬಿಡಿಸಿ. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ, ಯಾಕೆಂದರೆ ಈಗ ಹ್ಯಾಂಡ್ ಬ್ರೇಕ್ ಹಾಕುವ ಹಾಗಿಲ್ಲ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ. ಟಯರ್ ಮೇಲೆ ಒಂದು ಸೀಮೆಸುಣ್ಣದ ಗೆರೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಗೆರೆ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತು, ಮರೆಯಬೇಡಿ.

ಬಿಚ್ಚಿದ ಆಕ್ಸಲ್ ಆದರೆ ಹಲ್ಲು ಎಣಿಸಿ. ಒಳಗಿನ ದೊಡ್ಡ ಗೇರ್ ಕ್ರೌನ್ 43, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ 8 ಇದ್ದರೆ 5.38. 39ಕ್ಕೆ 8 ಆದರೆ 4.88. 47ಕ್ಕೆ 11 ಆದರೆ 4.27. 41ಕ್ಕೆ 11 ಆದರೆ 3.73.

ಆಮೇಲೆ ಗಾಡಿಯ ಹಿಂದೆ ಕೂತು ನೋಡಿ. ಹಳೇ ಜೀಪಿನಲ್ಲಿ ಡಿಫರೆನ್ಷಿಯಲ್ ಗೋಳ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸಿನಿಂದ ಪ್ರೊಪೆಲ್ಲರ್ ಬರುವುದು ಆ ಕಡೆ. ನಡುವೆ ಗೋಳ ಇರುವ ಆಕ್ಸಲ್ ತಂದರೆ ಪ್ರೊಪೆಲ್ಲರ್ ಓರೆ ಹೋಗುತ್ತದೆ. ಗಾಡಿ ಗಿಡ್ಡ, ಪ್ರೊಪೆಲ್ಲರ್ ಇನ್ನೂ ಗಿಡ್ಡ. ಅದರ ತುದಿಯ ಕ್ರಾಸ್ ಜಾಯಿಂಟ್ ಬಾಳಿಕೆ ಬರುವುದಿಲ್ಲ.

ಕೋಣಂದೂರು ಜೀಪು:
ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ, ಬರುವಾಗ ರಿಪ್ಪನ್‌ಪೇಟೆ ಕಡೆಯಿಂದ ಸುತ್ತಿ ಬಂದೆ.

ನಮ್ಮ ಜೀಪು: ಐದು ಸುತ್ತು, ಮೇಲೆ ಮೂರನೇ ಒಂದಕ್ಕಿಂತ ಒಂಚೂರು ಜಾಸ್ತಿ. ಅಂದರೆ 5.38. ಮುಂದೆಯೂ ಅಷ್ಟೇ.

ಲಾರಿ ಆಕ್ಸಲ್: ನಾಲ್ಕೂ ಮುಕ್ಕಾಲಿನ ಹತ್ತಿರ. ಗೋಳ ನಡುವೆ. ಹಬ್ ಜೋಡಿ ಟಯರಿನದ್ದು, ನಮ್ಮ ಐದು ಬೋಲ್ಟಿನ ರಿಮ್ ಕೂರುವುದೇ ಇಲ್ಲ. ಸ್ಪ್ರಿಂಗ್ ಕೂರುವ ಜಾಗಗಳ ಅಂತರವೂ ಬೇರೆ.

ರಿಪ್ಪನ್‌ಪೇಟೆಯದ್ದು: ಹಿಂದಿನ ಮುಚ್ಚಳ ಬಿಚ್ಚಿ ಎಣಿಸಿದೆ, 43 ಮತ್ತು 8. ಗೋಳ ಬಲಕ್ಕೇ ಇದೆ. ಸ್ಪ್ರಿಂಗ್ ಅಂತರ ನಮ್ಮದರಷ್ಟೇ. ಶಾಫ್ಟ್ ತೆಗೆಸಿ ನೋಡಿದೆ, ಸ್ಪ್ಲೈನ್ 19 ಹಲ್ಲು. ನಮ್ಮದರಲ್ಲಿ 10. ಹಲ್ಲು ಜಾಸ್ತಿ ಇದ್ದರೆ ಗಟ್ಟಿಯೇ ಮೇಸ್ತ್ರಿ?

ಲೇತ್ ಮನೆ ಶಿವಮೊಗ್ಗ:
10 ಹಲ್ಲಿನದಕ್ಕೆ ಹಲ್ಲಿನ ನಡುವೆ ಆಳವಾಗಿ ಕೊರೆದಿರುತ್ತಾರೆ. ಅಷ್ಟೂ ಲೋಹ ಹೋಯಿತು ತಾನೇ? ಶಾಫ್ಟ್ ಬಲ ಇರುವುದು ಹಲ್ಲಿನ ಬುಡದ ದಪ್ಪದಲ್ಲಿ, ತುದಿಯ ದಪ್ಪದಲ್ಲಲ್ಲ. 19 ಹಲ್ಲಿನದು ಮೇಲ್ಮೇಲೆ ಕೊರೆದದ್ದು, ಬುಡದಲ್ಲಿ ಜಾಸ್ತಿ ಉಳಿಯುತ್ತದೆ.

ದಪ್ಪದ ವಿಷಯದಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ. ತಿರುಚುವ ಹೊಡೆತಕ್ಕೆ ಶಾಫ್ಟಿನ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಎಂಎಂ ಬದಲು 33 ಎಂಎಂ ಇದ್ದರೆ ದಪ್ಪ ಹತ್ತನೇ ಒಂದು ಪಾಲು ಜಾಸ್ತಿ, ಬಲ ಮೂರನೇ ಒಂದು ಪಾಲು ಜಾಸ್ತಿ. ಆದ್ದರಿಂದ ವರ್ನಿಯರ್ ಹಿಡಿದು ಹಲ್ಲಿನ ಬುಡದಲ್ಲಿ ಅಳೆಯಿರಿ. ಕಣ್ಣಿಗೆ ಕಾಣದ ಒಂದೆರಡು ಎಂಎಂ ದೊಡ್ಡ ವ್ಯತ್ಯಾಸ ಮಾಡುತ್ತದೆ.

ತಂದರೆ ಇಡೀ ಆಕ್ಸಲ್ ತನ್ನಿ, ಒಳಗಿನ ಡಿಫರೆನ್ಷಿಯಲ್ ಸಮೇತ. 19 ಹಲ್ಲಿನ ಶಾಫ್ಟ್ ನಿಮ್ಮ ಹಳೇ ಗೋಳದೊಳಗೆ ಹೋಗುವುದಿಲ್ಲ.

ಘಾಟಿ ಲೋಡು:
ಅಳತೆ ನೋಡಿದ ಮೇಲೆ ನಾನೂ ಒಪ್ಪುತ್ತೇನೆ. ನಾಲ್ಕೂ ಮುಕ್ಕಾಲಿಗೂ 5.38ಕ್ಕೂ ಆಗುವುದಿಲ್ಲ. ಫೋರ್ ವೀಲ್ ಹಾಕಿದರೆ ನೂರು ಮೀಟರಿಗೆ ಹತ್ತು ಮೀಟರಿಗಿಂತ ಜಾಸ್ತಿ ಹಿಂದೆ ಮುಂದೆ ಜಗ್ಗಾಟ. ಎಲ್ಲೋ ಒಂದು ಕಡೆ ಒಡೆಯಲೇಬೇಕು. ಬರೀ ಹಿಂದಿನ ಚಕ್ರದ ಗಾಡಿ ಆಗಿದ್ದರೆ ನನ್ನ ಮಾತು ಬದಲಿಸುತ್ತಿರಲಿಲ್ಲ.

ಸಾಗರದ ಕಾಗದಪತ್ರ:
ಕಾನೂನಿನ ಕಡೆಯಿಂದ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಾಡು ಮಾಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತ ಹೇಳಿತು. ಲಾರಿ ಆಕ್ಸಲ್, ಜೋಡಿ ಟಯರ್ ಅಂತ ಹೋದರೆ ತೊಂದರೆ ಖಂಡಿತ. ಅದೇ ಮಾದರಿಯ ಆಕ್ಸಲ್ ಆದರೂ ತರುವ ಮೊದಲು ಆರ್‌ಟಿಒದಲ್ಲಿ ಒಂದು ಸಲ ಕೇಳಿ. ಖರೀದಿಯ ರಸೀದಿ ಇಟ್ಟುಕೊಳ್ಳಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಇರುತ್ತದೆ, ಆಗ ತೋರಿಸಲು ಬೇಕಾಗಬಹುದು.

ಇನ್ನೊಂದು, ಆಕ್ಸಲ್ ಎಷ್ಟೇ ಗಟ್ಟಿ ಹಾಕಿದರೂ ಆರ್‌ಸಿಯಲ್ಲಿ ಬರೆದ ಭಾರ ಏರುವುದಿಲ್ಲ.

ಹುಲಿಕಲ್ ಮಳೆ:
ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಆ ದಿನ ಎಷ್ಟು ಕಲ್ಲು ಇತ್ತು?

ಕೋಣಂದೂರು ಜೀಪು:
ಅರವತ್ತು.

ನಿಮ್ಮ ಪ್ರಶ್ನೆ ಓದಿದ ಮೇಲೆ ಒಂದು ಕಲ್ಲನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. 34 ಕೆಜಿ. ಅರವತ್ತಕ್ಕೆ ಎರಡು ಟನ್ ದಾಟಿತು. ಗೊಬ್ಬರ ಟ್ರೇ ತುಂಬಿದರೂ ಅಷ್ಟಾಗುವುದಿಲ್ಲ. ಕಲ್ಲು ಟ್ರೇ ತಳದಲ್ಲಿ ಎರಡು ಸಾಲು ಕಾಣುತ್ತದೆ, ಇಷ್ಟೇ ಅಲ್ವಾ ಅನಿಸಿತ್ತು. ಇದು ನನ್ನದೇ ತಪ್ಪು. ಉಳಿದ ಕಲ್ಲನ್ನು ಬಾಡಿಗೆ ಲಾರಿಯಲ್ಲಿ ತರಿಸುತ್ತೇನೆ.

ದರಕಿನ ಬಂಡಿ:
ನಮ್ಮಲ್ಲೂ ಇದೇ ಜೀಪು ಇದೆ, ಬಿದನೂರು ನಗರದ ಹತ್ತಿರ. ಆಕ್ಸಲ್ ಬಿಚ್ಚುತ್ತೀರಿ ಅಂತಾದರೆ ಬ್ರೀದರ್ ನೋಡಿ. ಹೌಸಿಂಗ್ ಮೇಲೆ ಸಣ್ಣ ಗಾಳಿ ತೂತು ಅದು. ಕೆಸರಲ್ಲಿ ಮುಚ್ಚಿ ಹೋಗಿರುತ್ತದೆ. ಒಳಗೆ ಕಾದ ಗಾಳಿಗೆ ದಾರಿ ಇಲ್ಲದೆ ಸೀಲಿನಿಂದ ಆಯಿಲ್ ನೂಕುತ್ತದೆ, ಅದು ಬ್ರೇಕ್ ಲೈನಿಂಗ್ ಮೇಲೆ ಹೋಗುತ್ತದೆ. ಏರು ಹತ್ತಿ ಕಾದ ಆಕ್ಸಲ್ಲನ್ನು ಹಳ್ಳಕ್ಕೆ ಇಳಿಸಿದಾಗ ಉಲ್ಟಾ, ಒಳಗಿನ ಗಾಳಿ ತಣ್ಣಗಾಗಿ ನೀರು ಎಳೆದುಕೊಳ್ಳುತ್ತದೆ. ನಾನು ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಟ್ರೇ ಎತ್ತರಕ್ಕೆ ಕಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಡ್ರೈನ್ ಮಾಡಿ ನೋಡುತ್ತೇನೆ. ಆಯಿಲ್ ಹಾಲಿನ ಬಣ್ಣ ಬಂದಿದ್ದರೆ ಪೂರ್ತಿ ಬದಲಿಸಬೇಕು.

ಜಾರುವ ಮಣ್ಣಿನಲ್ಲಿ ಆಕ್ಸಿಲರೇಟರ್ ಒತ್ತಿ ಚಕ್ರ ಸುತ್ತಿಸುವುದು ಬೇಡ. ಗರಗರ ಸುತ್ತುವ ಚಕ್ರ ತಟಕ್ಕನೆ ಒಂದು ಕಲ್ಲಿನ ಮೇಲೆ ಹಿಡಿದಾಗ ಶಾಫ್ಟಿಗೆ ಬೀಳುವ ಹೊಡೆತ ಯಾವ ಲೋಡಿಗಿಂತಲೂ ಕೆಟ್ಟದ್ದು. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ, ಅದರಲ್ಲಿ ಕ್ಲಚ್ ತಟ್ಟನೆ ಬಿಡಬೇಡಿ.

ಕೋಣಂದೂರು ಜೀಪು:
ರಿಪ್ಪನ್‌ಪೇಟೆ ಆಕ್ಸಲ್ ತಂದೆ. ಬುಡದ ದಪ್ಪ ವರ್ನಿಯರ್‌ನಲ್ಲಿ ಅಳೆದೇ ದುಡ್ಡು ಕೊಟ್ಟೆ, ನಮ್ಮದಕ್ಕಿಂತ ಜಾಸ್ತಿ ಇದೆ. ಹೌಸಿಂಗ್ ನೇರ ಇದೆ. ಎಡಗಡೆ ಶಾಫ್ಟಿನ ಟೇಪರ್ ಮೇಲೆ ಸ್ವಲ್ಪ ಗೀರು ಕಂಡಿತು, ಅದನ್ನು ಹಾಕುವುದಿಲ್ಲ. ಎರಡೂ ಹೊಸ ಶಾಫ್ಟ್, ಎರಡೂ ಹೊಸ ಹಬ್, ಬೇರಿಂಗ್, ಸೀಲ್. ಆಟೋ ಕಾಂಪ್ಲೆಕ್ಸಿನ ಗ್ಯಾರೇಜಿನಲ್ಲಿ ಹಾಕಿಸುತ್ತಿದ್ದೇನೆ. ಕೂರಿಸುವಾಗ ಬೇರೆ ಏನು ನೋಡಲಿ?

ಲೇತ್ ಮನೆ ಶಿವಮೊಗ್ಗ:
ಹೊಸ ಶಾಫ್ಟಿಗೆ ಹಳೇ ಹಬ್ ಹಾಕದೇ ಇದ್ದದ್ದು ಒಳ್ಳೆಯದು. ಟೇಪರ್ ಕೂತಿದೆಯೇ ಅಂತ ನೋಡಲು ಹಬ್ ಒಳಗೆ ನೀಲಿ ಮಸಿ ತೆಳುವಾಗಿ ಹಚ್ಚಿ, ಶಾಫ್ಟಿಗೆ ಒತ್ತಿ ತೆಗೆಯಿರಿ. ಬಣ್ಣ ಸುತ್ತಲೂ ಒಂದೇ ಸಮ ಹತ್ತಬೇಕು. ಆಮೇಲೆ ಪೂರ್ತಿ ಒರೆಸಿ.

ಎರಡೂ ಶಾಫ್ಟಿನ ತುದಿಗಳ ನಡುವೆ ಗೋಳದೊಳಗೆ ಒಂದು ತುಂಡು ಇರುತ್ತದೆ. ಒಂದು ಕಡೆಯ ತಳ್ಳು ಇನ್ನೊಂದು ಕಡೆಗೆ ಹೋಗುವುದು ಅದರ ಮೂಲಕ. ಶಾಫ್ಟಿನ ಪ್ಲೇ (ಅಲುಗಾಟ) ಹೊಂದಿಸುವುದು ಬ್ರೇಕ್ ಪ್ಲೇಟಿನ ಹಿಂದಿನ ಶಿಮ್ ಅನ್ನುವ ತೆಳು ತಗಡುಗಳಿಂದ. ತೀರಾ ಬಿಗಿ ಮಾಡಿದರೆ ಬೇರಿಂಗ್ ಸುಡುತ್ತದೆ, ಸಡಿಲ ಬಿಟ್ಟರೆ ಚಕ್ರ ಅಲ್ಲಾಡುತ್ತದೆ. ಮತ್ತೆ ಯಾವತ್ತಾದರೂ ಹಬ್ ಬಿಚ್ಚಬೇಕಾದರೆ ಪುಲ್ಲರ್ ಹಾಕಿಯೇ ತೆಗೆಸಿ. ಶಾಫ್ಟ್ ತುದಿಗೆ ಸುತ್ತಿಗೆಯಲ್ಲಿ ಹೊಡೆದರೆ ಆ ಏಟು ನೇರ ಬೇರಿಂಗ್‌ಗೂ ಆ ತುಂಡಿಗೂ ಹೋಗುತ್ತದೆ.

ಆಕ್ಸಲ್ಲನ್ನು ಸ್ಪ್ರಿಂಗಿಗೆ ಕಟ್ಟುವ ಯು ಬೋಲ್ಟ್ ಹಳೆಯದು ಹಾಕಬೇಡಿ. ಲೋಡು ಇಟ್ಟು ಹತ್ತು ಕಿಲೋಮೀಟರ್ ಓಡಿಸಿ ಯು ಬೋಲ್ಟ್ ಮತ್ತೆ ಬಿಗಿ ಮಾಡಿ. ಐವತ್ತು ಕಿಲೋಮೀಟರ್ ಆದ ಮೇಲೆ ಪಿನ್ ತೆಗೆದು ಹಬ್ ನಟ್ ನೋಡಿ. ಹೊಸ ಟೇಪರ್ ಕೂತುಕೊಳ್ಳುತ್ತದೆ, ನಟ್ ಖಂಡಿತ ಇನ್ನೂ ಸ್ವಲ್ಪ ಮುಂದಕ್ಕೆ ತಿರುಗುತ್ತದೆ.

ಕೋಣಂದೂರು ಜೀಪು:
ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಆಕ್ಸಲ್ ಕೂತಿದೆ. ಐವತ್ತು ಕಿಲೋಮೀಟರ್ ಆದ ಮೇಲೆ ಬಿಚ್ಚಿ ನೋಡಿದೆ. ಎಡಗಡೆ ನಟ್ ಪಿನ್ ಕೂರುವ ಅರ್ಧ ಕಿಂಡಿಯಷ್ಟು ಮುಂದೆ ಹೋಯಿತು, ಬಲಗಡೆ ಪೂರ್ತಿ ಒಂದು ಕಿಂಡಿ. ಹಿಂದಕ್ಕೆ ತಿರುಗಿಸಲಿಲ್ಲ, ಎಡಗಡೆಯದನ್ನೂ ಮುಂದಿನ ಕಿಂಡಿಗೆ ತಂದೇ ಪಿನ್ ಹಾಕಿದೆ. ಟಾರ್ಕ್ ರೆಂಚ್ ಸ್ವಂತದ್ದು ತೆಗೆದುಕೊಂಡೆ. ಅಕ್ಕಪಕ್ಕದ ಜೀಪಿನವರು ಯಾರಾದರೂ ಬೇಕೆಂದರೆ ಬಂದು ಒಯ್ಯಬಹುದು.

ಮೊನ್ನೆ ಮಳೆ ಬಂದು ಏರು ಜಾರುತ್ತಿತ್ತು. ಗೊಬ್ಬರದ ಲೋಡು ಇತ್ತು. ಫೋರ್ ವೀಲ್ ಲೋ ಹಾಕಿ ನಿಧಾನಕ್ಕೆ ಹತ್ತಿಸಿದೆ. ಅರ್ಧದಲ್ಲಿ ಬೇಕಂತಲೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ನೋಡಿದೆ. ನಿಂತಿತು. ಮಗ ಮನೆ ಹತ್ತಿರ ಕಾಯುತ್ತಿದ್ದ, ಈಗ ಲೋಡು ಇರುವಾಗ ಅವನನ್ನು ಹತ್ತಿಸುವುದಿಲ್ಲ.

ಘಾಟಿ ಲೋಡು:
ಆ ಲಾರಿ ಆಕ್ಸಲ್ ಗುಜರಿಯಲ್ಲಿ ಇನ್ನೂ ಇದೆಯಾ? ನಮ್ಮ ಹುಡುಗ ಒಬ್ಬನ ಹಗುರ ಲಾರಿಯ ಹೌಸಿಂಗ್ ಬಿರುಕು ಬಿಟ್ಟಿದೆ.

ಕೋಣಂದೂರು ಜೀಪು:
ನಾನು ಹೋದಾಗ ಇತ್ತು ಅಣ್ಣ. ಜಾಗ ನಿಮಗೆ ಬೇರೆಯಾಗಿ ತಿಳಿಸುತ್ತೇನೆ. ಹೋಗುವಾಗ ಸೀಮೆಸುಣ್ಣ ತೆಗೆದುಕೊಂಡು ಹೋಗಲಿ, ಅಲ್ಲೇ ಸುತ್ತು ಎಣಿಸಬಹುದು.